ಚಳಿ ಬೀಳದ ಹಿಂಗಾರಿಯಲ್ಲಿ ಗೋಧಿ, ಜೋಳ ಬಿತ್ತಿದ ಬಗೆ

2023ರ ಮುಂಗಾರು ನಮ್ಮ ವಿಜಯಪುರ ಸೀಮೆಗೆ ಕೈಕೊಟ್ಟ ಮೇಲೆ, ಉಳಿದಿದ್ದ ಹಿಂಗಾರಿಯಲ್ಲಿ ಕಾಳಿನ ಬೆಳೆಗೆ ಕೈ ಹಾಕಬೇಕೋ ಬೇಡವೋ ಎಂಬುದನ್ನು ನಾನು ಹೇಗೆ ತೀರ್ಮಾನಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ವರ್ಷ ಜೂನ್ ತಿಂಗಳಲ್ಲೇ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ನಮ್ಮ ಮಳೆಯನ್ನು ಕುಗ್ಗಿಸುವ ವಿದ್ಯಮಾನ, ಆರಂಭವಾಗಿತ್ತು. ನವೆಂಬರ್ ಹೊತ್ತಿಗೆ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಪಟ್ಟಿಗೆ ಸೇರಿದ್ದವು. ಎಲ್ ನಿನೊ ವರ್ಷಗಳಲ್ಲಿ ಚಳಿಗಾಲವೂ ಸಾಮಾನ್ಯವಾಗಿ ಸಡಿಲಾಗಿರುತ್ತದೆ. ಹವಾಮಾನ ಇಲಾಖೆಯು ಚಳಿಗಾಲದ ಮುನ್ಸೂಚನೆ ಕೊಡುವುದು ಡಿಸೆಂಬರ್ ಆರಂಭಕ್ಕೆ, ಆದರೆ ನಮ್ಮಲ್ಲಿ ಜೋಳದ ಬಿತ್ತನೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ನೀರಾವರಿ ಗೋಧಿಯ ಬಿತ್ತನೆ ನವೆಂಬರ್ ಮೊದಲ ಪಕ್ಷದಲ್ಲಿ ಮುಗಿಯಬೇಕು. ಆದ್ದರಿಂದ ಚಳಿ ಬೀಳುತ್ತದೆಯೇ ಇಲ್ಲವೇ ಎಂದು ಖಚಿತವಾಗುವ ಮೊದಲೇ ರೈತನು ಬೀಜ ನೆಲಕ್ಕೆ ಹಾಕಿರಬೇಕಾಗುತ್ತದೆ.

ನನಗಿರುವುದು ಎರಡು ಬಗೆಯ ಜಮೀನು. ಮಳೆಯನ್ನೇ ನಂಬಿದ ಎರೆ ಹೊಲ ಒಂದು ಕಡೆ. ಮನೆಯ ಹಿಂದೆ ಬೋರ್‌ವೆಲ್ ನೀರು ಹಾಯುವ ನಾಲ್ಕು ಎಕರೆ ಇನ್ನೊಂದು ಕಡೆ. ಮೊದಲನೆಯದರಲ್ಲಿ ಪ್ರತಿವರ್ಷ ಮಾಲದಂಡಿ, ಅಂದರೆ ಎಂ 35-1 ಜೋಳ, ಎರಡನೆಯದರಲ್ಲಿ ಗೋಧಿ. ಈ ಎರಡೂ ಹಿಂಗಾರಿ ಬೆಳೆಗಳೇ ಆದರೂ ಚಳಿಯ ವಿಷಯದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಂತೆ ನಡೆದುಕೊಳ್ಳುತ್ತವೆ ಎಂಬುದನ್ನು ಬಹಳಷ್ಟು ಮಂದಿ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಜೋಳ ಮೂಲತಃ ಬಿಸಿಲು ನಾಡಿನ ಬೆಳೆ. ಹೂ ಬಿಡುವ ಹೊತ್ತಿನಲ್ಲಿ ರಾತ್ರಿ ತೀರ ತಣ್ಣಗಾದರೆ ಅದರ ಕಾಳು ಕಟ್ಟುವುದೇ ಕುಂದುತ್ತದೆ. ಹೀಗಾಗಿ ಚಳಿ ಕಡಿಮೆಯಾದರೆ ಜೋಳಕ್ಕೆ ನೇರವಾದ ಕೇಡಿಲ್ಲ; ಕೇಡು ಬರುವುದು ನೆಲದೊಳಗಿನ ಹಸಿ ಬೇಗ ಆರುವುದರಿಂದ ಮತ್ತು ಇಬ್ಬನಿ ಕಡಿಮೆಯಾಗುವುದರಿಂದ. ಗೋಧಿಗೆ ಮಾತ್ರ ಬೆಚ್ಚನೆಯ ಹವೆಯೇ ಪೆಟ್ಟು.

ಜೋಳದ ತೀರ್ಮಾನವನ್ನು ನಾನು ಮಾಡಿದ್ದು ಹಾರೆ, ಸಲಿಕೆ ಹಿಡಿದು. ಉತ್ತರಿ ಮಳೆ ಒಂದೆರಡು ಸಲ ಚೆನ್ನಾಗಿ ಬಿದ್ದು ಬಿಟ್ಟ ಮೇಲೆ, ಹೊಲದ ತಗ್ಗು, ನಡು, ದಿಬ್ಬ ಹೀಗೆ ಬೇರೆ ಬೇರೆ ಕಡೆ ಮೊಳಕಾಲು ಮುಳುಗುವಷ್ಟು ಆಳದ ಗುಂಡಿ ತೋಡಿ ನೋಡಿದೆ. ಮೇಲಿನ ಒಂದು ಗೇಣು ಮಣ್ಣು ಎಲ್ಲ ಕಡೆಯೂ ಕಪ್ಪಗೆ, ಹದವಾಗಿಯೇ ಕಾಣುತ್ತಿತ್ತು. ಮೇಲುನೋಟಕ್ಕೆ ಮೋಸ ಹೋಗುವುದು ಇಲ್ಲಿಯೇ. ತಗ್ಗಿನ ಗುಂಡಿಯ ತಳದಿಂದ ತೆಗೆದ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿದರೆ ಉಂಡೆಯಾಗಿ ನಿಂತಿತು, ಹೆಬ್ಬೆರಳಿನಿಂದ ಒತ್ತಿದಾಗ ಪಟ್ಟಿಯಂತೆ ಚಾಚಿಕೊಂಡಿತು. ದಿಬ್ಬದ ಗುಂಡಿಯಲ್ಲಿ ಒಂದೂವರೆ ಗೇಣಿನ ಕೆಳಗೆ ಮಣ್ಣು ಹೆಂಟೆ ಹೆಂಟೆಯಾಗಿ ಒಡೆಯುತ್ತಿತ್ತು. ಬೇಸಿಗೆಯಲ್ಲಿ ಬಿಟ್ಟ ಬಿರುಕು ಅಲ್ಲಿ ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಆಳವಾದ ಎರೆ ಮಣ್ಣು ಒಂದು ಮೀಟರ್ ಆಳದಲ್ಲಿ ಬೆಳೆಗೆ ಸಿಗುವಂಥ ನೀರನ್ನು ಸುಮಾರು 150ರಿಂದ 200 ಮಿ.ಮೀ.ನಷ್ಟು ಹಿಡಿದಿಟ್ಟುಕೊಳ್ಳಬಲ್ಲದು. ಆದರೆ ಅದು ತುಂಬಿದ್ದರೆ ತಾನೇ? ಅರ್ಧ ಮೀಟರ್ ಮಾತ್ರ ನೆನೆದ ನೆಲದಲ್ಲಿ ಜೋಳ ಹುಟ್ಟುತ್ತದೆ, ಮೊಳಕಾಲುದ್ದ ಬೆಳೆಯುತ್ತದೆ, ತೆನೆ ಹೊರಡುವ ಹೊತ್ತಿಗೆ ಕೆಳಗಿನ ಹಸಿ ತೀರಿ, ಕಾಂಡದೊಳಗೆ ಕಾಡಿಗೆಯಂಥ ಕೊಳೆ ಹತ್ತಿ ಅಡ್ಡ ಬೀಳುತ್ತದೆ. ಚಳಿ ಇದ್ದ ವರ್ಷ ಆ ಹಸಿ ಹೇಗೋ ಇನ್ನೆರಡು ವಾರ ತಡೆಯಬಹುದು; ಬೆಚ್ಚನೆಯ ವರ್ಷ ಆ ಆಸೆ ಇಟ್ಟುಕೊಳ್ಳುವಂತಿಲ್ಲ.

ಆದ್ದರಿಂದ ತಗ್ಗು ಮತ್ತು ನಡುಹೊಲಕ್ಕೆ ಮಾತ್ರ ಜೋಳ ಬಿತ್ತಿ, ದಿಬ್ಬವನ್ನು ಬಿಟ್ಟೆ. ಹಸ್ತ ಮಳೆ ಹಿಡಿಯುವ ಹೊತ್ತಿಗೆ ಕೂರಿಗೆ ಮುಗಿಸಿದ್ದೆ. ಚಿತ್ತಿ ಮಳೆ ನೋಡಿ ಬಿತ್ತೋಣ ಎಂದು ಕಾದವರ ಹೊಲಗಳಲ್ಲಿ ಸುಳಿ ನೊಣದ ಹಾವಳಿ ಹೆಚ್ಚಾಯಿತು, ಅದು ತಡವಾದ ಬಿತ್ತನೆಗೆ ಯಾವ ವರ್ಷವಾದರೂ ತಪ್ಪಿದ್ದಲ್ಲ. ಎಕರೆಗೆ ವಾಡಿಕೆಯ 3 ಕೆ.ಜಿ.ಗಿಂತ ಸ್ವಲ್ಪ ಕಡಿಮೆ ಬೀಜ ಹಾಕಿ, ಹುಟ್ಟಿದ ಮೇಲೆ ಸಾಲಿನಲ್ಲಿ ಒತ್ತಾದ ಪೈರನ್ನು ಕಿತ್ತು ತೆಳುವು ಮಾಡಿಸಿದೆ. ಇರುವ ಹಸಿಯನ್ನು ಹಂಚಿಕೊಳ್ಳುವ ಬಾಯಿಗಳು ಕಡಿಮೆಯಾಗಲಿ ಎಂಬುದೇ ಉದ್ದೇಶ. ಬಿರುಕು ಬಿಡುವ ಮೊದಲೇ ಎಡೆಕುಂಟೆ ಹೊಡೆಸಿ, ಆಮೇಲೆಯೂ ಮೇಲ್ಮಣ್ಣು ಪುಡಿಯಾಗಿರುವಂತೆ ನೋಡಿಕೊಂಡೆ. ಬರದ ವರ್ಷದಲ್ಲಿ ಈ ಲೆಕ್ಕಕ್ಕೆ ಮೇವನ್ನೂ ಸೇರಿಸಿಕೊಳ್ಳಬೇಕು: ಕಾಳು ಅರ್ಧಕ್ಕೆ ನಿಂತರೂ ಮಾಲದಂಡಿಯ ಕಣಿಕೆ ಎತ್ತುಗಳನ್ನು ಬೇಸಿಗೆ ದಾಟಿಸುತ್ತದೆ. ಹೊಲವನ್ನು ಪೂರ್ತಿ ಬೀಳು ಬಿಡದೆ ಜೋಳಕ್ಕೆ ಮನಸ್ಸು ಮಾಡಿದ್ದಕ್ಕೆ ನಿಜವಾದ ಕಾರಣ ಇದೇ.

ಗೋಧಿಯ ವಿಷಯ ಇದಕ್ಕಿಂತ ಕಠಿಣವಾಗಿತ್ತು. ನಮ್ಮ ಕಾಕಾ ನವೆಂಬರ್ ಆರಂಭದಲ್ಲಿ ಹೊಲಕ್ಕೆ ಬಂದವರು, “ಚಳಿ ಬೀಳ್ಲಿ ತಡಿಯೋ ತಮ್ಮಾ, ಬೆಚ್ಚನ ನೆಲದಾಗ ಗೋಧಿ ತೆಂಡಿ ಒಡಿಯಂಗಿಲ್ಲ” ಎಂದರು. ತೆಂಡೆ ಎಂದರೆ ಗಿಡದ ಬುಡದಿಂದ ಒಡೆಯುವ ಪಕ್ಕದ ಕವಲು. ಅವರ ಮಾತಿನ ಎರಡನೆಯ ಭಾಗ ಅಕ್ಷರಶಃ ನಿಜ, ಮೊದಲನೆಯ ಭಾಗವನ್ನು ನಾನು ಒಪ್ಪಲಿಲ್ಲ. ನಮ್ಮಲ್ಲಿ ಬಿತ್ತುವ ಗೋಧಿ ತಳಿಗಳಿಗೆ ತೆನೆ ಬರಲು ಕಡುಚಳಿ ತಾಗಲೇಬೇಕೆಂಬ ನಿಯಮವಿಲ್ಲ. ಅದು ಯುರೋಪಿನಲ್ಲಿ ಹಿಮಗಾಲಕ್ಕೆ ಮೊದಲು ಬಿತ್ತುವ ಗೋಧಿಗೆ ಇರುವ ಅಗತ್ಯ. ಬೆಚ್ಚನೆಯ ಚಳಿಗಾಲದಲ್ಲಿ ನಮ್ಮ ಗೋಧಿಗೆ ತೆನೆ ಬಾರದೆ ಹೋಗುವುದಿಲ್ಲ, ಬರಬಾರದಷ್ಟು ಬೇಗ ಬಂದುಬಿಡುತ್ತದೆ. ಗಿಡ ಇನ್ನೂ ಎರಡು ಮೂರು ತೆಂಡೆ ಒಡೆಯಬೇಕಾದ ಹೊತ್ತಿನಲ್ಲಿ ಕಾಂಡ ಮೇಲೇಳುತ್ತದೆ, ತೆನೆ ಗಿಡ್ಡವಾಗುತ್ತದೆ, ಕಾಳಿನ ಎಣಿಕೆ ಅಲ್ಲಿಗೇ ನಿಗದಿಯಾಗಿಬಿಡುತ್ತದೆ.

ಇದನ್ನು ಲೆಕ್ಕ ಹಾಕಿ ನೋಡಬಹುದು. ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶದ ಸರಾಸರಿಯಲ್ಲಿ 5 ಡಿಗ್ರಿ ಕಳೆದು ಉಳಿದದ್ದನ್ನು ಬೆಳೆ ಆ ದಿನ ಗಳಿಸಿದ ಶಾಖ ಎಂದು ಹಿಡಿದರೆ, ಸರಾಸರಿ 22 ಇದ್ದ ಹಂಗಾಮಿನಲ್ಲಿ ದಿನಕ್ಕೆ 17ರಂತೆ 110 ದಿನಕ್ಕೆ 1870 ಆಗುತ್ತದೆ. ಸರಾಸರಿ 25ಕ್ಕೆ ಏರಿದರೆ ದಿನಕ್ಕೆ 20. ಅಷ್ಟೇ ಶಾಖ 94 ದಿನಗಳಲ್ಲಿ ತುಂಬಿಹೋಗುತ್ತದೆ. ಲೆಕ್ಕ ಒರಟು, ಆದರೂ ಎರಡು ವಾರಕ್ಕೂ ಹೆಚ್ಚಿನ ಬೆಳವಣಿಗೆ ಎಲ್ಲಿ ಮಾಯವಾಯಿತು ಎಂಬುದು ಇದರಿಂದ ಕಾಣುತ್ತದೆ. ಇನ್ನು ಚಳಿಗಾಗಿ ಕಾದು ಡಿಸೆಂಬರ್‌ಗೆ ಬಿತ್ತಿದರೆ, ಆರಂಭದಲ್ಲಿ ಕಳೆದುಕೊಂಡದ್ದರ ಮೇಲೆ ಕೊನೆಯಲ್ಲೂ ಕಳೆದುಕೊಳ್ಳಬೇಕಾಗುತ್ತದೆ. ಕಾಳು ಹಾಲು ತುಂಬುವ ಕಾಲ ಫೆಬ್ರುವರಿಗೆ ಸರಿಯುತ್ತದೆ. ಅದಕ್ಕೆ ಹಿಂದಿನ ವರ್ಷದ, ಅಂದರೆ 2023ರ ಫೆಬ್ರುವರಿ, ದೇಶದ ಸರಾಸರಿ ಗರಿಷ್ಠ ಉಷ್ಣಾಂಶದಲ್ಲಿ 1901ರಿಂದ ಈಚೆಗೆ ಅತಿ ಬಿಸಿಯಾದ ಫೆಬ್ರುವರಿ ಎಂದು ದಾಖಲಾಗಿತ್ತು. 2022ರ ಮಾರ್ಚ್‌ನ ಬಿಸಿಗೆ ಪಂಜಾಬ್, ಹರಿಯಾಣದ ಗೋಧಿ ಮುರುಟಿ, ಮೇ ತಿಂಗಳಲ್ಲಿ ಸರ್ಕಾರ ರಫ್ತನ್ನೇ ನಿಲ್ಲಿಸಿದ್ದು ಎಲ್ಲರಿಗೂ ನೆನಪಿರಬೇಕು. ಉತ್ತರದ ಅಷ್ಟು ಚಳಿಯ ನಾಡಿನಲ್ಲಿ ಹಾಗಾದರೆ, ಡಿಸೆಂಬರ್ ರಾತ್ರಿಯಲ್ಲೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುವ ನಮ್ಮ ಊರಿನಲ್ಲಿ ಬಿತ್ತನೆ ತಡಮಾಡುವುದಕ್ಕೆ ಎಡೆಯೇ ಇಲ್ಲ. ಬಿತ್ತುವುದಾದರೆ ಹೊತ್ತಿಗೆ ಸರಿಯಾಗಿ ಬಿತ್ತಬೇಕು, ಇಲ್ಲವಾದರೆ ಆ ವರ್ಷ ಗೋಧಿಯನ್ನು ಕೈಬಿಡಬೇಕು ಎಂಬುದು ನನ್ನ ನಿಲುವಾಯಿತು.

ಹಾಗಾದರೆ ಎಷ್ಟು ಎಕರೆ? ಇದನ್ನು ನೀರು ತೀರ್ಮಾನಿಸಿತು. ಬೋರ್‌ವೆಲ್ ಪೈಪಿನ ಬಾಯಿಗೆ 200 ಲೀಟರ್‌ನ ಡ್ರಮ್ ಇಟ್ಟು ಗಡಿಯಾರ ಹಿಡಿದು ನೋಡಿದರೆ ತುಂಬಲು 50 ಸೆಕೆಂಡು ಬೇಕಾಯಿತು. ಅಂದರೆ ಸೆಕೆಂಡಿಗೆ 4 ಲೀಟರ್, ತಾಸಿಗೆ 14,400 ಲೀಟರ್. ತ್ರೀ ಫೇಸ್ ಕರೆಂಟು ಐದು ತಾಸು ಸಿಕ್ಕರೆ ದಿನಕ್ಕೆ 72,000 ಲೀಟರ್. ಒಂದು ಎಕರೆಗೆ 5 ಸೆಂ.ಮೀ. ನಿಲ್ಲುವಂತೆ ನೀರು ಹಾಯಿಸಲು ಸುಮಾರು 2 ಲಕ್ಷ ಲೀಟರ್ ಬೇಕು, ಕಾಲುವೆಯಲ್ಲಿ ಇಂಗುವುದು ಬೇರೆ. ಅಲ್ಲಿಗೆ ಎಕರೆಗೆ ಮೂರು ದಿನ, ನಾಲ್ಕು ಎಕರೆ ಒಂದು ಸುತ್ತು ಮುಗಿಯಲು ಹನ್ನೆರಡು ದಿನ. ನವೆಂಬರ್‌ನಲ್ಲಿ ಇದು ನಡೆಯುತ್ತದೆ. ಆದರೆ ಬರದ ವರ್ಷ ಜನವರಿಗೆ ಬೋರಿನ ನೀರು ಅರ್ಧಕ್ಕಿಳಿದರೆ ಅದೇ ಸುತ್ತು ಇಪ್ಪತ್ನಾಲ್ಕು ದಿನವಾಗುತ್ತದೆ, ಅತ್ತ ಬೆಚ್ಚನೆಯ ಹವೆಯಲ್ಲಿ ಎರೆ ನೆಲದ ಗೋಧಿಯೂ ಎರಡು ವಾರ ದಾಟಿದರೆ ಬಾಡಲು ತೊಡಗುತ್ತದೆ. ಹೂವು ಮತ್ತು ಹಾಲುಗಾಳಿನ ಹಂತದಲ್ಲಿ ನೀರು ತಪ್ಪಿದರೆ ಹಿಂದೆ ಕೊಟ್ಟ ನೀರೆಲ್ಲ ವ್ಯರ್ಥ. ಹೀಗಾಗಿ ಗೋಧಿಯನ್ನು ಎರಡೇ ಎಕರೆಗೆ ಇಳಿಸಿ, ಉಳಿದ ಎರಡಕ್ಕೆ ಒಂದೆರಡು ನೀರಿನಲ್ಲಿ ಮುಗಿಯುವ ಕಡಲೆ ಹಾಕಿದೆ. ಗೋವಿನಜೋಳದ (ಮೆಕ್ಕೆಜೋಳದ) ಸಲಹೆಯನ್ನೂ ಕೆಲವರು ಕೊಟ್ಟರು. ಬೆಚ್ಚನೆಯ ಚಳಿಗಾಲ ಅದಕ್ಕೆ ಹೊಂದುತ್ತದೆ ನಿಜ, ಆದರೆ ಅದು ಕೇಳುವ ನೀರು ನನ್ನ ಬೋರಿನಲ್ಲಿ ಇರಲಿಲ್ಲ. ಜೊತೆಗೆ 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ಕಾಟವೂ ಉಂಟು.

ತಳಿಯ ಆಯ್ಕೆಯಲ್ಲಿ ಒಂದೂವರೆ ಎಕರೆಗೆ ಕಪಲಿ, ನಮ್ಮ ಕಡೆಯ ಹಿರಿಯರು ಸದಕ ಎನ್ನುವ ಗೋಧಿ; ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1029. ಉಳಿದ ಅರ್ಧ ಎಕರೆಗೆ ಅಲ್ಲಿಯದೇ ಚಪಾತಿ ಗೋಧಿ, ಯುಎಎಸ್ 304. ಕಪಲಿ ಬಿಸಿಯನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ, ಭಂಡಾರ (ತುಕ್ಕು) ರೋಗಕ್ಕೂ ಸುಲಭವಾಗಿ ತುತ್ತಾಗುವುದಿಲ್ಲ; ಹೊಟ್ಟು ಬಿಡಿಸಲು ಗಿರಣಿಗೆ ಒಯ್ಯುವ ತಾಪತ್ರಯವಿದ್ದರೂ, ಹುಗ್ಗಿಗೆ, ಮಾದಲಿಗೆ, ಶಾವಿಗೆಗೆ ಅದನ್ನೇ ಕೇಳಿಕೊಂಡು ಬರುವವರಿದ್ದಾರೆ. ತೆಂಡೆ ಕಡಿಮೆಯಾಗುವುದು ಗೊತ್ತಿದ್ದುದರಿಂದ ಬೀಜದ ಪ್ರಮಾಣವನ್ನು ಕಾಲು ಭಾಗ ಹೆಚ್ಚಿಸಿದೆ: ತಾಯಿಗಿಡಗಳೇ ಹೆಚ್ಚಿದ್ದರೆ ತೆನೆಗಳ ಎಣಿಕೆ ಅಷ್ಟಾಗಿ ಕುಸಿಯುವುದಿಲ್ಲ. ಜೋಳದಲ್ಲಿ ಬೀಜ ಇಳಿಸಿ ಗೋಧಿಯಲ್ಲಿ ಏರಿಸಿದ್ದು ನೋಡಿದವರಿಗೆ ವಿಚಿತ್ರವಾಗಿ ಕಂಡಿತು, ಆದರೆ ಒಂದು ಕಡೆ ನೀರು ಕೊಡುವುದು ನನ್ನ ಕೈಯಲ್ಲಿತ್ತು, ಇನ್ನೊಂದು ಕಡೆ ಇರಲಿಲ್ಲ. ಮುಕುಟ ಬೇರು ಒಡೆಯುವ ಹಂತದ ನೀರನ್ನು ಪುಸ್ತಕದ ಪ್ರಕಾರ 21ನೆಯ ದಿನ ಕೊಡಬೇಕು. ಬೆಳೆ ಅವಸರದಲ್ಲಿರುವ ವರ್ಷ ದಿನ ಎಣಿಸಿ ಕೂರಬಾರದೆಂದು, ನಾನು ಗಿಡ ಕಿತ್ತು ಬುಡ ನೋಡಿ, ಮಣ್ಣಿನ ಮೇಲ್ಪದರಕ್ಕೆ ಸರಿಯಾಗಿ ಬಿಳಿಯ ದಪ್ಪ ಬೇರಿನ ಮೊಳಕೆಗಳು ಕಂಡ ಕೂಡಲೇ ನೀರು ಬಿಟ್ಟೆ. ಅದು ಪುಸ್ತಕದ ದಿನಕ್ಕಿಂತ ಮೊದಲೇ ಬಂದಿತ್ತು. ಮೇಲುಗೊಬ್ಬರದ ಯೂರಿಯಾವನ್ನೂ ಆ ನೀರಿನ ಜೊತೆಗೇ ಮುಗಿಸಿದೆ.

ಜನವರಿಯಲ್ಲಿ ಬಂದ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ (ಭೂತಾಯಿಗೆ ಎಡೆ) ಚೆಲ್ಲಲು ಹೋದಾಗ ಬೆಳಗಿನ ಹೊತ್ತಿನಲ್ಲೂ ಹೊದಿಕೆ ಬೇಕೆನಿಸಲಿಲ್ಲ. ಅಷ್ಟರಲ್ಲಿ ಚಪಾತಿ ಗೋಧಿ ತೆನೆ ಹೊರಹಾಕಿ ಆಗಿತ್ತು, ಗಿಡ ಮೊಣಕಾಲಿಗಿಂತ ತುಸು ಮೇಲೆ, ಬುಡಕ್ಕೆ ಎರಡು ತೆಂಡೆ ಇದ್ದರೆ ಹೆಚ್ಚು. ಕಪಲಿ ಒಂದು ವಾರ ಹಿಂದಿತ್ತು, ಆ ಒಂದು ವಾರವೇ ಅದರ ತೆನೆಯ ಉದ್ದದಲ್ಲಿ ಕಾಣುತ್ತಿತ್ತು. ಸುಗ್ಗಿಯಲ್ಲಿ ಕಪಲಿ ಹೊಟ್ಟುಸಹಿತ ಎಕರೆಗೆ 9 ಕ್ವಿಂಟಲ್ ಚಿಲ್ಲರೆ ಬಂದಿತು. ಚಳಿ ಸರಿಯಾಗಿ ಬಿದ್ದ ವರ್ಷಗಳಲ್ಲಿ ಅದೇ ನೆಲದಲ್ಲಿ 12 ದಾಟುತ್ತದೆ. ಚಪಾತಿ ಗೋಧಿ ಅದಕ್ಕೂ ಕಡಿಮೆ, ಕಾಳೂ ಸಣ್ಣದು. ಜೋಳದಲ್ಲಿ ತಗ್ಗಿನ ಹೊಲ ವಾಡಿಕೆಯ ಹತ್ತಿರ ಹೋಯಿತು, ನಡುಹೊಲ ಕಾಳಿನಲ್ಲಿ ಸೋತು ಕಣಿಕೆಯಲ್ಲಿ ಉಳಿಸಿತು. ಬೋರಿನ ನೀರು ಜನವರಿ ಕೊನೆಗೆ ನಾನು ಅಂದಾಜಿಸಿದ್ದಕ್ಕಿಂತಲೂ ಕೆಳಗಿಳಿದಿತ್ತು. ಎರಡು ಎಕರೆಯ ಕೊನೆಯ ನೀರನ್ನೇ ರಾತ್ರಿ ಪಾಳಿಯ ಕರೆಂಟು ಕಾಯ್ದು ಮುಗಿಸಬೇಕಾಯಿತು.

ಈಗ ಪ್ರತಿ ಹಿಂಗಾರಿಯಲ್ಲಿ ನಾನು ಮೊದಲು ಗುಂಡಿ ತೋಡುತ್ತೇನೆ, ನಂತರ ಡ್ರಮ್ ಇಡುತ್ತೇನೆ, ಕೊನೆಗೆ ದೀಪಾವಳಿಯ ಆಸುಪಾಸಿನ ರಾತ್ರಿಗಳ ಕನಿಷ್ಠ ಉಷ್ಣಾಂಶವನ್ನು ಗೋಡೆಗೆ ತೂಗುಹಾಕಿದ ಮಾಪಕದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ರಾತ್ರಿಗಳು 18ಕ್ಕಿಂತ ಕೆಳಗಿಳಿಯದಿದ್ದರೆ ಗೋಧಿಯ ಎಕರೆ ಕಡಿಮೆಯಾಗುತ್ತದೆ, ಕಪಲಿಯ ಪಾಲು ಹೆಚ್ಚುತ್ತದೆ. ಬಿತ್ತನೆಯ ವಾರವನ್ನು ಮಾತ್ರ ನಾನು ಬದಲಿಸುವುದಿಲ್ಲ. ಅದಕ್ಕೆಂದೇ ಕಪಲಿಯ ಬಿತ್ತನೆ ಬೀಜ ಒಂದು ಚೀಲ, ಹೊಟ್ಟು ಬಿಡಿಸದೆ, ಬೇವಿನ ಸೊಪ್ಪು ಹಾಕಿ ಯಾವಾಗಲೂ ಮನೆಯಲ್ಲಿ ಇಟ್ಟಿರುತ್ತೇನೆ.