ಮೊದಲು ಉಸಿರಾಟ, ಆಮೇಲೆ ಉಳಿದದ್ದು: ಜೀವಕ್ರಿಯೆಗಳನ್ನು ನಾನು ಕಲಿಸುವ ರೀತಿ

ಜೀವಶಾಸ್ತ್ರವನ್ನು ಮೊದಲ ಸಲ ಕಲಿಯುವವರಿಗೆ ನಾನು ಪಟ್ಟಿ ಕೊಡುವುದಿಲ್ಲ. ಚಲನೆ, ಉಸಿರಾಟ, ಪ್ರಚೋದನೆಗೆ ಪ್ರತಿಕ್ರಿಯೆ, ಬೆಳವಣಿಗೆ, ಸಂತಾನೋತ್ಪತ್ತಿ, ವಿಸರ್ಜನೆ, ಪೋಷಣೆ ಎಂದು ಏಳನ್ನೂ ಸಾಲಾಗಿ ಬರೆಸಿದರೆ ಬಾಯಿಪಾಠ ಚೆನ್ನಾಗಿ ಆಗುತ್ತದೆ. ಆದರೆ ಅವು ಒಂದಕ್ಕೊಂದು ಸಂಬಂಧವೇ ಇಲ್ಲದ ಏಳು ಪಾಠಗಳಾಗಿ ತಲೆಯಲ್ಲಿ ಕೂತುಬಿಡುತ್ತವೆ. ನಾನು ಉಸಿರಾಟದಿಂದ ಶುರು ಮಾಡುತ್ತೇನೆ. ಮೂಗಿನಲ್ಲಿ ಗಾಳಿ ಎಳೆದು ಬಿಡುವುದಲ್ಲ, ಜೀವಕೋಶದ ಒಳಗೆ ಸಕ್ಕರೆ ಒಡೆದು ಶಕ್ತಿ ಸಿಗುವ ಆ ಕೆಲಸ. ಅದೊಂದು ಸರಿಯಾಗಿ ಕೈಗೆ ಸಿಕ್ಕರೆ ಉಳಿದವುಗಳಲ್ಲಿ ಹೆಚ್ಚಿನವು ಅದರ ಹಿಂದೆಯೇ ಬರುತ್ತವೆ.

ಅದನ್ನು ತೋರಿಸಲು ನನಗೆ ಬೇಕಾಗುವುದು ಮೂರು ಥರ್ಮಾಸ್ ಫ್ಲಾಸ್ಕ್, ಮೂರು ಥರ್ಮಾಮೀಟರ್, ಹತ್ತಿ ಮತ್ತು ಬಟಾಣಿ ಕಾಳು. ಒಂದು ಫ್ಲಾಸ್ಕಿನಲ್ಲಿ ನೆನೆಸಿ ಮೊಳಕೆ ಬರಲು ಶುರುವಾದ ಕಾಳು. ಎರಡನೆಯದರಲ್ಲಿ ಬೇಯಿಸಿ ಆರಿಸಿದ ಕಾಳು. ಈ ಎರಡನ್ನೂ ಮೊದಲು ತೆಳುವಾದ ಬ್ಲೀಚ್ ನೀರಿನಲ್ಲಿ ತೊಳೆದಿರುತ್ತೇನೆ. ಮೂರನೆಯದರಲ್ಲಿ ಬೇಯಿಸಿ, ಆರಿಸಿ, ಬ್ಲೀಚಿನಲ್ಲಿ ತೊಳೆಯದೆ ಹಾಗೇ ಬಿಟ್ಟ ಕಾಳು. ಬಾಯಿಗೆ ಹತ್ತಿ ತುರುಕಿ, ಥರ್ಮಾಮೀಟರ್ ಕಾಳಿನ ನಡುವೆ ಬರುವ ಹಾಗೆ ಇಟ್ಟು, ಫ್ಲಾಸ್ಕನ್ನು ತಲೆಕೆಳಗಾಗಿ ನಿಲ್ಲಿಸುತ್ತೇನೆ. ಹತ್ತಿ ಯಾಕೆಂದರೆ ಗಾಳಿ ಒಳಗೆ ಹೋಗಬೇಕು. ತಲೆಕೆಳಗು ಯಾಕೆಂದರೆ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ಅದು ಕೆಳಗಿನಿಂದ ಹೊರಗೆ ಹೋಗಲಿ ಎಂದು. ಬಿರಡೆ ಬಿಗಿಯಾಗಿ ಹಾಕಿದರೆ ಕಾಳಿಗೆ ಆಮ್ಲಜನಕ ಸಿಗುವುದಿಲ್ಲ, ಪ್ರಯೋಗ ಅಲ್ಲಿಗೇ ಮುಗಿಯಿತು.

ಮಾರನೆಯ ದಿನ ನೋಡಿದರೆ ಮೊಳಕೆ ಕಾಳಿನ ಫ್ಲಾಸ್ಕ್ ಬೆಚ್ಚಗಾಗಿರುತ್ತದೆ. ಬೇಯಿಸಿದ ಕಾಳು ಕೋಣೆಯ ಬಿಸಿಯಲ್ಲೇ ಇರುತ್ತದೆ. ಇಲ್ಲಿ ನಾನು ಏನೂ ವಿವರಿಸುವುದಿಲ್ಲ, ಬಿಸಿ ಎಲ್ಲಿಂದ ಬಂತು ಎಂದಷ್ಟೇ ಕೇಳುತ್ತೇನೆ. ಹೊರಗಿನಿಂದ ಯಾರೂ ಕಾಯಿಸಿಲ್ಲ, ಬಿಸಿಲಿಗೆ ಇಟ್ಟಿಲ್ಲ. ಮುಂದೆ ಒಂದೆರಡು ದಿನ ಕಳೆದರೆ ಮೂರನೆಯ ಫ್ಲಾಸ್ಕ್ ಕೂಡ ಬೆಚ್ಚಗಾಗುತ್ತದೆ, ಸತ್ತ ಕಾಳು ಯಾಕೆ ಬಿಸಿಯಾಯಿತು ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಹತ್ತಿ ತೆಗೆದರೆ ವಾಸನೆಯೇ ಉತ್ತರ ಹೇಳುತ್ತದೆ: ಬ್ಲೀಚಿನಲ್ಲಿ ತೊಳೆಯದ ಕಾರಣ ಅಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಬೆಳೆದಿವೆ, ಉಸಿರಾಡುತ್ತಿರುವುದು ಅವು. ಬಹಳ ಕಡೆ ಈ ಮೂರನೆಯ ಫ್ಲಾಸ್ಕ್ ಇಡುವುದೇ ಇಲ್ಲ. ನನಗಂತೂ ಅದೇ ಮುಖ್ಯ. ಕಣ್ಣಿಗೆ ಕಾಣದ ಜೀವಿಯೂ ಕಾಳಿನ ಹಾಗೆಯೇ ಆಹಾರ ಒಡೆದು ಬಿಸಿ ಬಿಡುತ್ತದೆ ಎನ್ನುವುದು ಅಲ್ಲಿ ತಾನಾಗಿ ಗೊತ್ತಾಗುತ್ತದೆ.

ಪಕ್ಕದಲ್ಲೇ ಒಂದು ಮುಚ್ಚಿದ ಜಾಡಿಯಲ್ಲಿ ಮೊಳಕೆ ಕಾಳು, ಅದರೊಳಗೆ ಸಣ್ಣ ಲೋಟದಲ್ಲಿ ಸುಣ್ಣದ ತಿಳಿನೀರು ಇಡಿ. ತಿಳಿನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಅಂದರೆ ಕಾರ್ಬನ್ ಡೈಆಕ್ಸೈಡ್ ಬಂದಿದೆ. ನಾವು ಊದಿದರೂ ಅದೇ ಆಗುತ್ತದೆ: ಒಳಗೆ ಎಳೆಯುವ ಗಾಳಿಯಲ್ಲಿ ಅದು ಸುಮಾರು ಶೇ. 0.04 ಇದ್ದರೆ, ಹೊರಗೆ ಬಿಡುವ ಗಾಳಿಯಲ್ಲಿ ಸುಮಾರು ಶೇ. 4. ಕಾಳಿಗೆ ಮೂಗಿಲ್ಲ, ಶ್ವಾಸಕೋಶ ಇಲ್ಲ, ಆದರೂ ಉಸಿರಾಟ ಇದೆ ಅಲ್ವಾ? 1780ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಲಾವಾಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಯಿಲಿಯನ್ನು ಮಂಜುಗಡ್ಡೆ ಸುತ್ತಿದ ಪೆಟ್ಟಿಗೆಯಲ್ಲಿ ಕೂರಿಸಿ, ಎಷ್ಟು ಮಂಜು ಕರಗಿತು, ಪ್ರಾಣಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಬಿಟ್ಟಿತು ಎಂದು ಅಳೆದು, ಇದ್ದಿಲು ಉರಿಸಿದಾಗ ಸಿಗುವ ಲೆಕ್ಕದ ಜೊತೆ ಹೋಲಿಸಿ, ಉಸಿರಾಟವೂ ನಿಧಾನದ ಒಂದು ಉರಿಯುವಿಕೆಯೇ ಎಂದು ಹೇಳಿದ್ದರು. ಒಂದು ವ್ಯತ್ಯಾಸ ಇದೆ. ಕೋಶದಲ್ಲಿ ಸಕ್ಕರೆ ಒಂದೇ ಏಟಿಗೆ ಉರಿಯುವುದಿಲ್ಲ. ಕ್ರಿಯೆಗಳನ್ನು ಚುರುಕುಗೊಳಿಸುವ ಕಿಣ್ವಗಳು ಅದನ್ನು ಸಣ್ಣ ಸಣ್ಣ ಹಂತಗಳಲ್ಲಿ ಒಡೆಯುತ್ತವೆ, ಒಂದಷ್ಟು ಶಕ್ತಿ ಎಟಿಪಿ ಎಂಬ ಅಣುವಿನಲ್ಲಿ ಉಳಿಯುತ್ತದೆ, ಮಿಕ್ಕದ್ದು ಬಿಸಿಯಾಗಿ ಹೋಗುತ್ತದೆ. ಫ್ಲಾಸ್ಕಿನಲ್ಲಿ ನಾವು ಅಳೆದದ್ದು ಆ ಮಿಕ್ಕದ್ದನ್ನೇ.

ಇಷ್ಟಾದ ಮೇಲೆ ಮುಂದಿನ ಪ್ರಶ್ನೆಯನ್ನು ಕಲಿಯುವವರೇ ಕೇಳುತ್ತಾರೆ. ಕಾಳಿನಲ್ಲಿ ಒಡೆಯಲು ಇದ್ದ ಆಹಾರ ಎಲ್ಲಿಂದ ಬಂತು? ಗಿಡದಿಂದ. ಗಿಡಕ್ಕೆ? ಹೆಚ್ಚಿನವರು ಮಣ್ಣಿನಿಂದ ಎನ್ನುತ್ತಾರೆ. ಆಗ ನಾನು 17ನೆಯ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟನ ಪ್ರಯೋಗ ಹೇಳುತ್ತೇನೆ. ಅವನು 200 ಪೌಂಡ್ ಒಣ ಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು, 5 ವರ್ಷ ಬರೀ ನೀರು ಹಾಕಿ ಬೆಳೆಸಿದ. ಕೊನೆಗೆ ಮರ 169 ಪೌಂಡ್ ದಾಟಿತ್ತು, ಮಣ್ಣು ಕಡಿಮೆಯಾದದ್ದು ಸುಮಾರು 2 ಔನ್ಸ್ ಮಾತ್ರ. ಅವನು ಸತ್ತ ಮೇಲೆ, 1648ರಲ್ಲಿ, ಇದು ಅಚ್ಚಾಯಿತು. ಮರ ಆದದ್ದೆಲ್ಲ ನೀರಿನಿಂದ ಎಂದು ಅವನು ತೀರ್ಮಾನ ಮಾಡಿದ್ದ. ಇದ್ದಿಲು ಸುಟ್ಟಾಗ ಬರುವ ಅನಿಲವನ್ನು ಬೇರೆಯಾಗಿ ಗುರುತಿಸಿದವನೂ ಅವನೇ, ಆದರೆ ಅದೇ ಅನಿಲ ಗಾಳಿಯಿಂದ ಎಲೆಯೊಳಗೆ ಹೋಗಿ ಮರವಾಗುತ್ತಿತ್ತು ಎಂದು ಅವನಿಗೆ ಹೊಳೆಯಲಿಲ್ಲ. 1771ರಲ್ಲಿ ಪ್ರೀಸ್ಟ್ಲಿ, ಮೇಣದಬತ್ತಿ ಉರಿದು ಆರಿದ ಗಾಳಿಯನ್ನು ಪುದೀನ ಗಿಡ ಮತ್ತೆ ಸರಿಮಾಡುತ್ತದೆ ಎಂದು ಕಂಡ. 1779ರಲ್ಲಿ ಇಂಗೆನ್‌ಹೌಸ್ ಅದಕ್ಕೆ ಬೆಳಕು ಬೇಕು, ಅದೂ ಹಸಿರು ಭಾಗಕ್ಕೆ ಮಾತ್ರ ಸಾಧ್ಯ ಎಂದು ತೋರಿಸಿದ. ಬೆಳಕಿನಲ್ಲಿ ಗಿಡ ಆಹಾರ ಮಾಡಿಕೊಳ್ಳುವ ಈ ಕ್ರಿಯೆಯ, ಅಂದರೆ ದ್ಯುತಿಸಂಶ್ಲೇಷಣೆಯ, ಸಮೀಕರಣವನ್ನು ನಾನು ಇದಾದ ಮೇಲೆಯೇ ಬರೆಯುವುದು.

ಎಲೆಯ ಪಿಷ್ಟ ಪರೀಕ್ಷೆಯನ್ನೂ ಮಾಡಿಸುತ್ತೇನೆ: ಗಿಡವನ್ನು ಕತ್ತಲಲ್ಲಿಟ್ಟು, ಎಲೆಯ ಒಂದು ಭಾಗಕ್ಕೆ ಕಪ್ಪು ಕಾಗದ ಸುತ್ತಿ, ಬಿಸಿಲಿಗೆ ಇಟ್ಟು, ಆಮೇಲೆ ಬಿಸಿ ಸ್ಪಿರಿಟಿನಲ್ಲಿ ಹಸಿರು ಬಣ್ಣ ತೆಗೆದು, ಪಿಷ್ಟ ಇದ್ದ ಕಡೆ ಕಪ್ಪು ನೀಲಿ ಮಾಡುವ ಅಯೋಡಿನ್ ಹಾಕುವುದು. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಸ್ಪಿರಿಟನ್ನು ನೇರವಾಗಿ ಬೆಂಕಿಯ ಮೇಲೆ ಇಡಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇಡಿ, ಅದೂ ಉರಿ ಆರಿಸಿದ ಮೇಲೆ. ಇದೇ ಹೊತ್ತಿಗೆ ಇನ್ನೊಂದು ತಪ್ಪು ಕಲ್ಪನೆಯನ್ನೂ ತೆಗೆಯಬೇಕು. ಗಿಡ ಹಗಲು ಆಹಾರ ಮಾಡುತ್ತದೆ, ರಾತ್ರಿ ಮಾತ್ರ ಉಸಿರಾಡುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಗಿಡ ಹಗಲೂ ರಾತ್ರಿಯೂ ಉಸಿರಾಡುತ್ತದೆ. ಬಿಸಿಲಿನಲ್ಲಿ ದ್ಯುತಿಸಂಶ್ಲೇಷಣೆ ಅದಕ್ಕಿಂತ ಜೋರಾಗಿ ನಡೆಯುವುದರಿಂದ ಉಸಿರಾಟ ನಮಗೆ ಕಾಣುವುದಿಲ್ಲ, ಅಷ್ಟೇ. ಗಿಡವನ್ನು ಕತ್ತಲಲ್ಲಿ ಸುಣ್ಣದ ತಿಳಿನೀರಿನ ಜೊತೆ ಮುಚ್ಚಿಟ್ಟರೆ ಕಾಣುತ್ತದೆ.

ಸಾಗಾಣಿಕೆಗೆ ಬರುವಾಗ ಹೃದಯದ ಚಿತ್ರ ತೆಗೆಯುವುದಿಲ್ಲ. ಎಲ್ಲ ಕೋಶಕ್ಕೂ ಆಮ್ಲಜನಕ, ಸಕ್ಕರೆ ಬೇಕು, ಅದು ತಲುಪುವುದು ಹೇಗೆ ಎಂದು ಕೇಳುತ್ತೇನೆ. ಒಂದೇ ಕೋಶದ ಅಮೀಬಾಕ್ಕೆ ತೊಂದರೆಯೇ ಇಲ್ಲ, ಸುತ್ತಲಿನ ನೀರಿನಿಂದ ನೇರವಾಗಿ ಒಳಗೆ ಹರಡಿಕೊಳ್ಳುತ್ತದೆ. ದೊಡ್ಡ ಮೈಯವರಿಗೆ ಯಾಕೆ ಆಗುವುದಿಲ್ಲ? ಇದಕ್ಕೆ ಅಗರ್ ಎಂಬ ಜೆಲ್ಲಿಯಂಥ ಗಟ್ಟಿಯ ಘನಗಳು ಬಹಳ ಒಳ್ಳೆಯ ಸಾಧನ. ಸ್ವಲ್ಪ ಕ್ಷಾರ, ಜೊತೆಗೆ ಕ್ಷಾರದಲ್ಲಿ ಗುಲಾಬಿಯಾಗಿ ಆಮ್ಲದಲ್ಲಿ ಬಣ್ಣ ಕಳೆದುಕೊಳ್ಳುವ ಫಿನಾಲ್ಫ್ತಲೀನ್ ಬೆರೆಸಿ ಗುಲಾಬಿ ಬಣ್ಣದ ಅಗರ್ ಮಾಡಿ, 1 ಸೆಂ.ಮೀ., 2 ಸೆಂ.ಮೀ., 4 ಸೆಂ.ಮೀ. ಘನಗಳಾಗಿ ಕತ್ತರಿಸಿ, ತೆಳು ಆಮ್ಲದಲ್ಲಿ ಒಂದೇ ಹೊತ್ತು ಮುಳುಗಿಸಿಡುತ್ತೇನೆ. ಚಿಕ್ಕದರ ಬಣ್ಣ ಪೂರ್ತಿ ಹೋದ ತಕ್ಷಣ ಎಲ್ಲವನ್ನೂ ತೆಗೆದು ಕತ್ತರಿಸಿ ನೋಡಿದರೆ ದೊಡ್ಡದರ ನಡುವೆ ಗುಲಾಬಿ ಹಾಗೇ ಉಳಿದಿರುತ್ತದೆ. ಆಮ್ಲ ಎಲ್ಲದರಲ್ಲೂ ಒಂದೇ ದೂರ ಹೋಗಿದೆ. ಮೇಲ್ಮೈಯ ವಿಸ್ತೀರ್ಣವನ್ನು ಘನಫಲದಿಂದ ಭಾಗಿಸಿದರೆ 6, 3, 1.5 ಎಂದು ಬರುತ್ತದೆ: ದೊಡ್ಡದಾದಷ್ಟೂ ಒಳಗಿನ ಪಾಲಿಗೆ ಸಿಗುವ ಮೇಲ್ಮೈ ಕಡಿಮೆ. ಜೊತೆಗೆ ಹರಡಿಕೊಳ್ಳಲು ಬೇಕಾದ ಸಮಯ ದೂರದ ವರ್ಗದಷ್ಟು ಏರುತ್ತದೆ, ಹತ್ತು ಪಟ್ಟು ದೂರಕ್ಕೆ ನೂರು ಪಟ್ಟು ಸಮಯ. ಆ ಗುಲಾಬಿ ನಡುಭಾಗ ನೋಡಿದವರಿಗೆ ರಕ್ತ ಯಾಕೆ ಬೇಕು, ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಗಾಳಿ ಚೀಲಗಳು ಯಾಕೆ, ಬೇರಿಗೆ ರೋಮ ಯಾಕೆ, ಎಲೆ ಯಾಕೆ ತೆಳು ಎಂದು ಬೇರೆಬೇರೆಯಾಗಿ ಹೇಳಬೇಕಾಗುವುದಿಲ್ಲ. ನಮ್ಮ ಹೃದಯ ವಿಶ್ರಾಂತಿಯಲ್ಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅರ್ಧ ಗಂಟೆಯಲ್ಲಿ ಹೃದಯ ತಳ್ಳುವ ರಕ್ತ ಮೈಯಲ್ಲಿರುವ ಒಟ್ಟು ರಕ್ತಕ್ಕಿಂತ ಜಾಸ್ತಿ ಆಗುತ್ತದೆ, ಹಾಗಾಗಿ ಅದೇ ರಕ್ತ ಸುತ್ತಿ ಬರಲೇಬೇಕು ಎಂದು ವಿಲಿಯಂ ಹಾರ್ವೆ 1628ರಲ್ಲಿ ವಾದಿಸಿದ್ದು ಇಂಥದೇ ಸರಳ ಲೆಕ್ಕದಿಂದ.

ವಿಸರ್ಜನೆ ಆಮೇಲೆ ಸುಲಭ. ಕೋಶದಲ್ಲಿ ಕೆಲಸ ನಡೆದರೆ ಉಳಿಕೆ ಬರುತ್ತದೆ: ಕಾರ್ಬನ್ ಡೈಆಕ್ಸೈಡ್, ಪ್ರೋಟೀನ್ ಒಡೆದಾಗ ಬರುವ ಯೂರಿಯಾ. ಮಲ ಹೆಚ್ಚಾಗಿ ಇದಕ್ಕೆ ಸೇರುವುದಿಲ್ಲ, ಅದರ ಬಹುಪಾಲು ಕೋಶದ ಒಳಗೆ ಹೋಗಲೇ ಇಲ್ಲ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಅದರಲ್ಲಿ ಸುಮಾರು ಒಂದೂವರೆ ಲೀಟರ್ ಮಾತ್ರ ಹೊರಗೆ ಬಿಡುತ್ತವೆ. ಉಳಿದದ್ದನ್ನು ವಾಪಸ್ ಹೀರಿಕೊಳ್ಳಲು ಮತ್ತೆ ಎಟಿಪಿ ಬೇಕು. ಚಲನೆ, ಪ್ರತಿಕ್ರಿಯೆ, ಬೆಳವಣಿಗೆಗಳಿಗೂ ಅದೇ ಖರ್ಚು, ಹಾಗಾಗಿ ಅಲ್ಲಿ ಜಾಸ್ತಿ ನಿಲ್ಲುವುದಿಲ್ಲ.

ಸಂತಾನೋತ್ಪತ್ತಿ ಮಾತ್ರ ಈ ಸರಣಿಯಲ್ಲಿ ಸುಮ್ನೆ ಕೂರುವುದಿಲ್ಲ. ಹೇಸರಗತ್ತೆಗೆ ಸಾಮಾನ್ಯವಾಗಿ ಮರಿ ಆಗುವುದಿಲ್ಲ, ಆದರೂ ಅದು ಜೀವಂತ ಎನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ. ಜೀವಿಯೊಂದು ಬದುಕಿರಲು ಸಂತಾನ ಬೇಕಿಲ್ಲ, ವಂಶ ಉಳಿಯಲು ಬೇಕು. ಜೀವಿ ಎಂದರೇನು ಎಂಬ ಚರ್ಚೆಯನ್ನು ನಾನು ಇಲ್ಲಿ ತೆಗೆಯುತ್ತೇನೆ, ಮೊದಲ ತರಗತಿಯಲ್ಲಲ್ಲ. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜ 2005ರಲ್ಲಿ ಮೊಳೆಯಿತು, ಅಷ್ಟು ಕಾಲ ಅದು ಏನಾಗಿತ್ತು? 1935ರಲ್ಲಿ ವೆಂಡೆಲ್ ಸ್ಟ್ಯಾನ್ಲಿ ತಂಬಾಕು ಗಿಡಕ್ಕೆ ರೋಗ ತರುವ ತಂಬಾಕು ಮೊಸಾಯಿಕ್ ವೈರಸ್ಸನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ. ಆ ಹರಳನ್ನು ಕರಗಿಸಿ ಎಲೆಗೆ ಉಜ್ಜಿದರೆ ಅದು ಮತ್ತೆ ಹೆಚ್ಚುತ್ತದೆ, ಆದರೆ ಅದಕ್ಕೆ ತನ್ನದೇ ಉಸಿರಾಟ ಇಲ್ಲ, ಖರ್ಚಾಗುವ ಎಟಿಪಿ ಎಲ್ಲ ಎಲೆಯ ಕೋಶದ್ದು. ಆ ಕಾರಣಕ್ಕೇ ನಾನು ವೈರಸ್ಸನ್ನು ಜೀವಿ ಎನ್ನುವುದಿಲ್ಲ. ಕಲಿಯುವವರಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ, ಅವರ ವಾದಕ್ಕೂ ಬೇಕಾದಷ್ಟು ಹೊತ್ತು ಕೊಡುತ್ತೇನೆ.