ಎಥನಾಲ್ ಗಾಜು: ಒಂದೇ ಭರ್ತಿಯಲ್ಲಿ ಮೂರು ಘನರೂಪ

ಎಥನಾಲನ್ನು ಸ್ಫಟಿಕವಾಗಲು ಬಿಡದೆ ಬೇಗ ತಂಪು ಮಾಡಿದರೆ ಅಣುಗಳು ಅಸ್ತವ್ಯಸ್ತವಾಗಿಯೇ ಗಟ್ಟಿಯಾಗುತ್ತವೆ, ಅದೇ ಎಥನಾಲ್ ಗಾಜು. ತಾಮ್ರದ ಸೆಲ್‌ಗೆ (ಸ್ಯಾಂಪಲ್ ಹಿಡಿಯುವ ಪುಟ್ಟ ಡಬ್ಬಿ) ಐದು ಗ್ರಾಂ ಎಥನಾಲ್ ತುಂಬಿ ರಿಲ್ಯಾಕ್ಸೇಶನ್ ವಿಧಾನದಲ್ಲಿ (ಬಿಸಿ ಮಾಡಿ, ತಾಪ ಬದಲಾಗುವ ಬಗೆಯಿಂದ ಲೆಕ್ಕ ಹಾಕುವುದು) ವಿಶಿಷ್ಟೋಷ್ಣ ಅಳೆಯಲು ಹೊರಟಾಗ ಬಂದ ಆಕ್ಷೇಪಣೆ ಎರಡು: ಸೆಲ್‌ನ ತಾಮ್ರವೇ ಸ್ಯಾಂಪಲ್ಲನ್ನು ನುಂಗಿಬಿಡುತ್ತದೆ, ಇಷ್ಟು ದೊಡ್ಡ ಮುದ್ದೆ ಸಮತೋಲಕ್ಕೆ ಬರುವಷ್ಟರಲ್ಲಿ ತಂಪಿಗಿಟ್ಟ ದ್ರವ ಹೀಲಿಯಂ ಮುಗಿದಿರುತ್ತದೆ.

ಮೊದಲನೆಯದು ಲೆಕ್ಕ ಹಾಕದೆ ಆಡಿದ ಮಾತು. 4 ಕೆಲ್ವಿನ್‌ನಲ್ಲಿ ತಾಮ್ರದ ವಿಶಿಷ್ಟೋಷ್ಣ ಗ್ರಾಂಗೆ, ಕೆಲ್ವಿನ್‌ಗೆ 0.1 ಮಿಲಿಜೂಲ್ ಇದ್ದರೆ, ಗಾಜಾದ ಎಥನಾಲ್‌ದು 3ರ ಆಸುಪಾಸು. ಹತ್ತು ಗ್ರಾಂ ತಾಮ್ರ ಇಟ್ಟರೂ ಅದರ ಪಾಲು ಶೇ. 6–7 ಅಷ್ಟೇ. 1 ಕೆಲ್ವಿನ್ ಕಡೆಗೆ ಇಳಿದಾಗ ಮಾತ್ರ ತಾಮ್ರದ ಎಲೆಕ್ಟ್ರಾನ್‌ಗಳ ಪಾಲು ತಲೆಯೆತ್ತುತ್ತದೆ. ಅಲ್ಲಿ ಖಾಲಿ ಸೆಲ್‌ನ ಅಳತೆ ಚೊಕ್ಕವಾಗಿರಲೇಬೇಕು.

ಎರಡನೆಯದಕ್ಕೆ ಉತ್ತರ, ಸಮತೋಲಕ್ಕೆ ಕಾಯದೇ ಇರುವುದು. ಹೀಟರ್ ಹಾಕಿ ತಾಪ ಏರುವ ರೇಖೆ ತೆಗೆದೆ, ಆರಿಸಿ ಇಳಿಯುವ ರೇಖೆ ತೆಗೆದೆ. ಒಂದೇ ತಾಪಮಾನದಲ್ಲಿ ಎರಡರ ಇಳಿಜಾರುಗಳನ್ನು ಚಿಹ್ನೆ ಬಿಟ್ಟು ಕೂಡಿಸಿ, ಹೀಟರ್ ಪವರ್ ಅನ್ನು ಅದರಿಂದ ಭಾಗಿಸಿದರೆ ಉಷ್ಣಧಾರಕತೆ ಸಿಕ್ಕಿತು. ಥರ್ಮಲ್ ಲಿಂಕ್, ಅಂದರೆ ಸೆಲ್‌ನಿಂದ ಹೊರಗೆ ಶಾಖ ಹರಿಯುವ ದಾರಿ, ಲೆಕ್ಕದಿಂದಲೇ ಹೊರಬೀಳುತ್ತದೆ. ನನ್ನ ಲಿಂಕ್ 4 ಕೆಲ್ವಿನ್‌ನಲ್ಲಿ ಕೆಲ್ವಿನ್‌ಗೆ ಸುಮಾರು 50 ಮೈಕ್ರೋವಾಟ್, ಕಾಲಸ್ಥಿರಾಂಕ (ತಾಪದ ವ್ಯತ್ಯಾಸ ಸುಮಾರು ಮೂರನೇ ಒಂದಕ್ಕೆ ಇಳಿಯಲು ಹಿಡಿಯುವ ಸಮಯ) ಐದು ನಿಮಿಷದಷ್ಟು. ಗಾಜಿನೊಳಗೆ ಶಾಖ ಹರಡಲು ಬೇಕಾದದ್ದು ಒಂದೆರಡು ಸೆಕೆಂಡ್.

ಆದರೆ ಅದು ಬಿರುಕಿಲ್ಲದ ಗಾಜಿನ ಮಾತು. ಕೋಣೆಯ ತಾಪದಿಂದ 100 ಕೆಲ್ವಿನ್‌ವರೆಗೆ ಎಥನಾಲ್ ಹೆಚ್ಚುಕಡಿಮೆ ಆರನೇ ಒಂದು ಭಾಗ ಕುಗ್ಗುತ್ತದೆ, ಆಮೇಲೆ ಗಾಜು ಸೀಳುತ್ತದೆ. ಮುಚ್ಚಳಕ್ಕೆ ಥರ್ಮಾಮೀಟರ್ ಅಂಟಿಸಿದ್ದ ಸೆಲ್‌ಗಳೆಲ್ಲ ಇಲ್ಲೇ ಸೋತವು: ಮುಚ್ಚಳದ ಕೆಳಗೆ ಪೊಳ್ಳು, ರೇಖೆಯಲ್ಲಿ ಎರಡು ಕಾಲಸ್ಥಿರಾಂಕ. ಥರ್ಮಾಮೀಟರ್, ಹೀಟರ್ ಎರಡನ್ನೂ ತಳಕ್ಕಿಳಿಸಿ, ಒಳಗೆ ಎರಡು ಮಿಲಿಮೀಟರ್ ಅಂತರದಲ್ಲಿ ತೆಳು ತಾಮ್ರದ ಹಾಳೆಗಳನ್ನು ನಿಲ್ಲಿಸಿದ ಮೇಲೆ ರೇಖೆ ಒಂದೇ ಆಯಿತು.

ಸೆನ್ಸರ್ ಅಂಟಿಸಲು ಬಳಸುವ ಜಿ.ಇ. ವಾರ್ನಿಷ್‌ನಿಂದ ಏನನ್ನೂ ಅಂಟಿಸಬೇಡಿ. ತುಂಬುವಾಗ ಒಂದು ಹನಿ ಆಲ್ಕೊಹಾಲ್ ಚೆಲ್ಲಿದರೂ ಅದು ಕರಗಿ ಸೆನ್ಸರ್ ಕಳಚುತ್ತದೆ. ಸ್ಟೈಕಾಸ್ಟ್ ಎಂಬ ಎಪಾಕ್ಸಿ ಅಂಟು ವಾಸಿ. ಮುಚ್ಚಳ ಸೋರದಿರಲು ಮೆತ್ತನೆಯ ಇಂಡಿಯಂ ತಂತಿ. ತುಂಬುವ ರಂಧ್ರವನ್ನು ಆವಿ ಸೋರದಂತೆ ಮುಚ್ಚುವ ಬಗೆ ಮಾತ್ರ ನನ್ನ ಹತ್ತಿರವೇ ಇರಲಿ. ಅದಕ್ಕಾಗಿ ಹಾಳಾದ ಸೆಲ್‌ಗಳ ಖರ್ಚು ನಾನೇ ಹೊತ್ತಿದ್ದೇನೆ. ಒಟ್ಟು ಖರ್ಚಿನಲ್ಲಿ ಮುಕ್ಕಾಲು ಪಾಲು ದ್ರವ ಹೀಲಿಯಂದೇ. ಒಂದು ಸೋರಿಕೆ ಎಂದರೆ ಒಂದು ಡ್ಯೂಯರ್ (ದ್ರವ ಹೀಲಿಯಂ ಇಡುವ ನಿರ್ವಾತ ಪಾತ್ರೆ) ಹೀಲಿಯಂ ಹೋಯಿತೆಂದೇ ಲೆಕ್ಕ.

ಎಥನಾಲನ್ನು 3ಎ ಮಾಲಿಕ್ಯುಲರ್ ಸೀವ್‌ನಲ್ಲಿ (ಸಣ್ಣ ರಂಧ್ರಗಳಲ್ಲಿ ನೀರನ್ನು ಹೀರಿಕೊಳ್ಳುವ ಹರಳು) ಒಣಗಿಸಿ. 4ಎ ರಂಧ್ರದೊಳಗೆ ಎಥನಾಲೂ ನುಗ್ಗುತ್ತದೆ. ನೀರಿದ್ದರೆ ಗಾಜು ಸಲೀಸಾಗಿ ಬರುತ್ತದೆ ನಿಜ, ಆದರೆ ಆಮೇಲೆ ಸ್ಫಟಿಕ ನೆಟ್ಟಗೆ ಬರುವುದಿಲ್ಲ. ಹೊರಕವಚಕ್ಕೆ ಸ್ವಲ್ಪ ಹೀಲಿಯಂ ಅನಿಲ ಬಿಟ್ಟು ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಬೇಕು. ತಂಪಾಗುವ ವೇಗ ನಿಮಿಷಕ್ಕೆ 10 ಕೆಲ್ವಿನ್‌ಗಿಂತ ಕಡಿಮೆಯಾದರೆ ಸಿಕ್ಕಿದ್ದು ಗಾಜು ಎಂದು ನಂಬಬೇಡಿ. ಅನಿಲವನ್ನು 80 ಕೆಲ್ವಿನ್‌ನಲ್ಲೇ ಪೂರ್ತಿ ಪಂಪ್ ಮಾಡಿ ತೆಗೆಯಿರಿ. ಗಾಜಿನ ಬಿಂದು (ದ್ರವ ಗಾಜಾಗಿ ಗಟ್ಟಿಯಾಗುವ ತಾಪ) 97 ಕೆಲ್ವಿನ್ ಆದ್ದರಿಂದ ಏನೂ ಕೆಡದು. ಉಳಿಸಿಕೊಂಡರೆ ಅದು ತಣ್ಣಗಿನ ಗೋಡೆಗೆ ಅಂಟಿ, ಬಿಸಿ ಮಾಡಿದಾಗ ಬಿಟ್ಟುಕೊಂಡು, 5 ಕೆಲ್ವಿನ್ ಸುತ್ತ ಇಲ್ಲದ ಉಬ್ಬು ತೋರಿಸುತ್ತದೆ. ನಮಗೆ ಬೇಕಾದ ಬೋಸಾನ್ ಪೀಕ್, ಅಂದರೆ ವಿಶಿಷ್ಟೋಷ್ಣವನ್ನು ತಾಪದ ಘನದಿಂದ ಭಾಗಿಸಿದಾಗ ಗಾಜುಗಳಲ್ಲಿ ಕಾಣುವ ಉಬ್ಬು, ಕೂರುವುದೂ ಅಲ್ಲೇ. 80ರಿಂದ ಕೆಳಕ್ಕೆ ತಂಪು ಮಾಡಲು ಮೆಕ್ಯಾನಿಕಲ್ ಹೀಟ್ ಸ್ವಿಚ್ (ಸೆಲ್ಲನ್ನು ತಣ್ಣಗಿನ ಭಾಗಕ್ಕೆ ಮುಟ್ಟಿಸಿ ಬಿಡಿಸುವ ಸಾಧನ).

97ರಲ್ಲಿ ವಿಶಿಷ್ಟೋಷ್ಣದ ಜಿಗಿತ ನೋಡಿ ಗಾಜು ಬಂತೆಂದು ಕುಣಿಯಬೇಡಿ. ಎಥನಾಲ್‌ನ ಪ್ಲಾಸ್ಟಿಕ್ ಸ್ಫಟಿಕವೂ (ಅಣುಗಳು ಅರೆಬರೆ ಕ್ರಮದಲ್ಲಿರುವ ಘನ) ಅಲ್ಲೇ ಜಿಗಿಯುತ್ತದೆ, ಜಿಗಿತ ಸ್ವಲ್ಪ ಚಿಕ್ಕದು. ಒಸಾಕಾದಲ್ಲಿ ಸುಗಾ, ಸೇಕಿ ಅವರ ಬಳಗ 1977ರಲ್ಲೇ ಇದನ್ನು ಬಿಡಿಸಿಟ್ಟಿದೆ. ಗುರುತು ಬೇರೆ: ನಿಜವಾದ ಗಾಜಾದರೆ ಇನ್ನೂ ಬಿಸಿ ಮಾಡಿದಾಗ 110ರ ಸುತ್ತ ಶಾಖ ಬಿಟ್ಟು ಪ್ಲಾಸ್ಟಿಕ್ ಸ್ಫಟಿಕವಾಗುತ್ತದೆ. ಅಲ್ಲೇ ನಿಲ್ಲಿಸಿ ತಂಪು ಮಾಡಿದರೆ ಎರಡನೇ ಘನರೂಪ. 125 ದಾಟಿಸಿ ಕಾದರೆ ಪೂರ್ತಿ ಕ್ರಮಬದ್ಧವಾದ ಮಾನೋಕ್ಲಿನಿಕ್ ಸ್ಫಟಿಕ. ಸೆಲ್ ಬಿಚ್ಚದೆ, ತೂಕ ಬದಲಿಸದೆ ಮೂರೂ ಸಿಕ್ಕವು. ತೂಕದಲ್ಲಿ ಶೇ. 1 ತಪ್ಪಿದ್ದರೂ ಮೂರಕ್ಕೂ ಅದೇ ತಪ್ಪು, ಹಾಗಾಗಿ ಹೋಲಿಕೆ ಕೆಡುವುದಿಲ್ಲ. ಪ್ಲಾಸ್ಟಿಕ್ ಸ್ಫಟಿಕದಲ್ಲಿ ಅಣುಗಳ ಕೇಂದ್ರಗಳು ಕ್ರಮವಾಗಿವೆ, ದಿಕ್ಕುಗಳಷ್ಟೇ ಅಸ್ತವ್ಯಸ್ತ. ಆದರೂ ಅದರ ರೇಖೆ ಗಾಜಿನ ಪಕ್ಕದಲ್ಲೇ ಓಡುತ್ತದೆ, ಪೀಕ್ 6ಕ್ಕಿಂತ ತುಸು ಮೇಲೆ. ಮಾನೋಕ್ಲಿನಿಕ್ ರೇಖೆ ತೀರಾ ಕೆಳಗೆ.

ಅದೇ ಸೆಲ್‌ಗೆ ಪ್ರೊಪನಾಲ್ ಜೋಡಿಯನ್ನು ಹಾಕಿದಾಗ ಅಣುರಚನೆಯ ಆಟ ಬಯಲಾಯಿತು. ಹೈಡ್ರಾಕ್ಸಿಲ್ (OH) ಗುಂಪು ತುದಿಯಲ್ಲಿರುವ 1-ಪ್ರೊಪನಾಲ್: ಗಾಜಿನ ಬಿಂದು 98ರ ಹತ್ತಿರ, ಪೀಕ್ ಆರೂವರೆ ಆಚೀಚೆ. ಅದೇ ಗುಂಪು ನಡುವಿಗೆ ಸರಿದ 2-ಪ್ರೊಪನಾಲ್: ಗಾಜಿನ ಬಿಂದು 115ಕ್ಕೆ ಏರಿತು, ಪೀಕ್ ಮಾತ್ರ 5ಕ್ಕೆ ಇಳಿದು ಎತ್ತರವೂ ಆಯಿತು. ಮೂರು ಹೈಡ್ರಾಕ್ಸಿಲ್ ಹೊತ್ತ ಗ್ಲಿಸರಾಲ್‌ದು 8–9. ಗಾಜಿನ ಬಿಂದು ಹೆಚ್ಚಾದರೆ ಪೀಕೂ ಮೇಲೆ ಹೋಗಬೇಕೆನ್ನುವವರಿಗೆ ಪ್ರೊಪನಾಲ್ ಜೋಡಿ ತೋರಿಸಿದರೆ ಸಾಕು. ಹೈಡ್ರೋಜನ್ ಬಂಧಗಳ ಸಂಖ್ಯೆಯಷ್ಟೇ ಅವು ಕೂತ ಜಾಗವೂ ಮುಖ್ಯ ಎಂಬುದು ನನ್ನ ಪಕ್ಷ.

ಎನ್-ಬ್ಯುಟನಾಲನ್ನೂ ಒಮ್ಮೆ ಕೆದಕಿದೆ. 120ರ ಸುತ್ತ ಹಾಗೇ ಬಿಟ್ಟರೆ ಹೊಸ ದ್ರವಸ್ಥಿತಿಯಂತೆ ಕಾಣುವ ಒಂದು ರೂಪ ಬರುತ್ತದೆ. ಅದು ಅರ್ಧಕ್ಕೆ ನಿಂತ ಸ್ಫಟಿಕೀಕರಣವಷ್ಟೇ. ವಿಶಿಷ್ಟೋಷ್ಣವೂ ಗಾಜು ಮತ್ತು ಸ್ಫಟಿಕದ ನಡುವೆ ಬಂದು ಕೂರುತ್ತದೆ. ಟರ್ಟ್-ಬ್ಯುಟನಾಲ್‌ಗೆ ಹೀಲಿಯಂ ಸುರಿಯಬೇಡಿ: ಕರಗುವುದೇ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇಂಥ ಸೆಲ್‌ನಲ್ಲಿ ಎಷ್ಟು ಬೇಗ ತಂಪು ಮಾಡಿದರೂ ಸ್ಫಟಿಕವೇ.