ಮಿನಿ ಲೇತ್‌ನಲ್ಲಿ ಟೂಲ್ ಕೂರಿಸುವಾಗ ತೊಟ್ಟು ನೋಡಿ ಲೆಕ್ಕ ಹಾಕುವುದು

ಫೇಸಿಂಗ್ (ರಾಡಿನ ತುದಿಯನ್ನು ಸಪಾಟಾಗಿ ಕಡೆಯುವುದು) ಮುಗಿಸಿದ ಮೇಲೆ ರಾಡಿನ ಮುಖದ ನಟ್ಟನಡುವೆ ಸಣ್ಣ ತೊಟ್ಟು ಉಳಿಯಿತೇ? ಟೂಲಿನ ತುದಿಯ ಎತ್ತರ ಸೆಂಟರ್‌ಗೆ, ಅಂದರೆ ರಾಡ್ ತಿರುಗುವ ನಡುಗೆರೆಗೆ, ಸರಿ ಇಲ್ಲ. ತೊಟ್ಟನ್ನು ಫೈಲ್ ಹಾಕಿ ಉಜ್ಜಿಬಿಡಬೇಡಿ, ಎಷ್ಟು ತಪ್ಪಿದೆ ಅನ್ನುವುದನ್ನೂ ಅದೇ ತೋರಿಸುತ್ತದೆ.

ಮೊದಲು ಮೇನ್ಸ್ ಆಫ್ ಮಾಡಿ, ಚಕ್ (ರಾಡನ್ನು ಹಿಡಿದು ತಿರುಗಿಸುವ ಭಾಗ) ಕೀ ತೆಗೆದಿಡಿ. ಟೂಲ್ ಹಿಡಿಯುವ ಟೂಲ್ ಪೋಸ್ಟಿನ ತೋಡು ಮತ್ತು ಟೂಲಿನ ತಳ ಒರೆಸಿ. ಒಂದು ಚೂರು ಕಬ್ಬಿಣದ ಪುಡಿ ಸಿಕ್ಕಿದ್ದರೂ ಟೂಲ್ ವಾಲುತ್ತದೆ. 10 ಮಿ.ಮೀ. ದಪ್ಪದ ಟೂಲ್, ಪೋಸ್ಟಿನಿಂದ 12-15 ಮಿ.ಮೀ.ಗಿಂತ ಹೊರಗೆ ಚಾಚದಿರಲಿ. ಚಾಚು ಎರಡರಷ್ಟಾದರೆ ಬಾಗುವುದು ಎಂಟರಷ್ಟು. ಚ್ಯಾಟರ್‌ಗೆ (ಕಡೆಯುವಾಗ ಟೂಲ್ ನಡುಗುವುದಕ್ಕೆ) ಮೋಟಾರನ್ನು ಬೈಯುವ ಮೊದಲು ಇದನ್ನು ನೋಡಿ.

ಅಂದಾಜು ಎತ್ತರಕ್ಕೆ 150 ಮಿ.ಮೀ. ಸ್ಟೀಲ್ ಸ್ಕೇಲ್ ಸಾಕು. ಚಕ್‌ನಲ್ಲಿ ಹಿಡಿದ ದುಂಡು ರಾಡಿಗೂ ಟೂಲಿನ ತುದಿಗೂ ನಡುವೆ ಸ್ಕೇಲನ್ನು ನಿಲ್ಲಿಸಿ, ಟೂಲನ್ನು ರಾಡಿನತ್ತ ಅಡ್ಡ ಸರಿಸುವ ಕ್ರಾಸ್ ಸ್ಲೈಡಿನ ಹಿಡಿ ತಿರುಗಿಸಿ ಮೆಲ್ಲಗೆ ಒತ್ತಿ ಹಿಡಿಸಿ. ಕಾರ್ಬೈಡ್ ತುದಿಯಾದರೆ ಇನ್ನೂ ಮೆಲ್ಲಗೆ, ಮೂಲೆ ಒಡೆಯುತ್ತದೆ. ಸ್ಕೇಲ್ ನೆಟ್ಟಗೆ ನಿಂತರೆ ಎತ್ತರ ಸರಿ. ಅದರ ಮೇಲ್ತುದಿ ನಿಮ್ಮತ್ತ ವಾಲಿದರೆ ಟೂಲ್ ತಗ್ಗಿದೆ, ಆಚೆ ವಾಲಿದರೆ ಎತ್ತರವಾಗಿದೆ.

ಆಮೇಲೆ ಫೇಸಿಂಗ್ ಮಾಡಿ ತೊಟ್ಟು ನೋಡಿ. ಅದು ನೇರ ಗೋಡೆಯ ಪುಟ್ಟ ಕಂಬದಂತಿದ್ದರೆ ಟೂಲ್ ಕೆಳಗಿದೆ. ವರ್ನಿಯರ್‌ನಲ್ಲಿ ಅದರ ದಪ್ಪ ಅಳೆದು ಅರ್ಧ ಮಾಡಿ: ತೊಟ್ಟು 0.8 ಮಿ.ಮೀ. ಇದ್ದರೆ ಟೂಲಿನ ಕೆಳಗೆ 0.4 ಮಿ.ಮೀ. ಪ್ಯಾಕಿಂಗ್ (ಎತ್ತರಿಸುವ ಪಟ್ಟಿ) ಬೇಕು. ತೊಟ್ಟು ಉಜ್ಜಿಸಿಕೊಂಡು, ಕೋನಾಕಾರವಾಗಿ, ಕೊನೆಗೆ ಮುರಿದು ಹೋದಂತಿದ್ದರೆ ಟೂಲ್ ಮೇಲಿದೆ, 0.1 ಮಿ.ಮೀ. ಪ್ಯಾಕಿಂಗ್ ತೆಗೆಯುತ್ತಾ ಮತ್ತೆ ನೋಡಿ.

ಇಷ್ಟು ಚೂರಿಗೆ ಇಷ್ಟು ತಲೆಬಿಸಿ ಯಾಕೆ? 50 ಮಿ.ಮೀ. ವ್ಯಾಸದ ಜಾಬ್‌ನಲ್ಲಿ (ಕಡೆಯುವ ತುಂಡಿನಲ್ಲಿ) ಟೂಲ್ ಅರ್ಧ ಮಿ.ಮೀ. ಮೇಲಿದ್ದರೆ ಅದರ ಕೋನಗಳು ಬದಲಾಗುವುದು ಸುಮಾರು 1 ಡಿಗ್ರಿ ಅಷ್ಟೇ. 6 ಮಿ.ಮೀ. ರಾಡಿನಲ್ಲಿ ಅದೇ ತಪ್ಪು 9 ಡಿಗ್ರಿ ದಾಟುತ್ತದೆ. ಮುಂಭಾಗದ ಕ್ಲಿಯರೆನ್ಸ್ (ತುದಿಯ ಕೆಳಗಿನ ಭಾಗ ಜಾಬಿಗೆ ತಾಗದಂತೆ ಕೊಟ್ಟ ಓರೆ) ಅರೆದಿರುವುದು 8 ಡಿಗ್ರಿಯಾದರೆ ಅದು ಪೂರ್ತಿ ಹೋಯಿತು. ಟೂಲ್ ಕತ್ತರಿಸದೆ ಬರೀ ಉಜ್ಜುತ್ತದೆ.

ಪ್ಯಾಕಿಂಗ್ ಟೂಲಿನ ಹಿಡಿತದ ಉದ್ದಕ್ಕೂ ಇರಬೇಕು, ಹಿಂದೆ ಒಂದು ತುಂಡು ತುರುಕಿದರೆ ಸಾಲದು. ಹಳೇ ಹ್ಯಾಕ್ಸಾ ಬ್ಲೇಡಿನ ಹಲ್ಲು ಅರೆದು ತೆಗೆದರೆ ಸುಮಾರು 0.6 ಮಿ.ಮೀ. ಪಟ್ಟಿ ಪುಕ್ಕಟೆ ಸಿಕ್ಕಿತು. ತೆಳು ಹಾಳೆ ಐದಾರು ಪೇರಿಸಿದರೆ ಸ್ಪ್ರಿಂಗಿನಂತೆ ಆಡುತ್ತವೆ, ಒಂದೆರಡು ದಪ್ಪ ಪಟ್ಟಿಯೇ ಮೇಲು. ರಟ್ಟಂತೂ ಬೇಡವೇ ಬೇಡ. ಎರಡೂ ಬೋಲ್ಟ್ ಬಿಗಿದ ಮೇಲೆ ಎತ್ತರ ಮತ್ತೆ ನೋಡಿ, ಪ್ಯಾಕಿಂಗ್ ಅದುಮಿಕೊಂಡಿರುತ್ತದೆ. ಸರಿಯಾದ ಪಟ್ಟಿಗಳನ್ನು ಅದೇ ಟೂಲಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟರೆ ಮುಂದಿನ ಸಲ ಈ ಕೆಲಸವೇ ಇಲ್ಲ.

ತೂತಿನ ಒಳಗೆ ಕಡೆಯುವ ಬೋರಿಂಗ್ ಟೂಲ್ ಮಾತ್ರ ಸೆಂಟರ್‌ಗಿಂತ 0.1 ಮಿ.ಮೀ.ನಷ್ಟು ಮೇಲಿರಲಿ, ಲೋಡ್ ಬಿದ್ದಾಗ ಅದು ಕೆಳಕ್ಕೆ ಬಾಗುತ್ತದೆ.

ರಾಡನ್ನು ತುಂಡರಿಸುವ ಪಾರ್ಟಿಂಗ್ ಟೂಲಿಗೆ ಎತ್ತರದ ಜೊತೆ ನೇರವೂ ಮುಖ್ಯ. ಪೋಸ್ಟ್ ಸಡಿಲಿಸಿ, ನಿಂತ ಚಕ್‌ನ ಮುಖಕ್ಕೆ ಬ್ಲೇಡಿನ ಪಕ್ಕೆಯನ್ನು ಪೂರ್ತಿ ತಾಗಿಸಿ ಬಿಗಿಯಿರಿ. ಒಂದಿಷ್ಟು ಓರೆಯಾದರೂ ಕತ್ತರಿಸಿದ ತೋಡಿನೊಳಗೆ ಪಕ್ಕೆ ಉಜ್ಜಿ ಸಿಕ್ಕಿಕೊಳ್ಳುತ್ತದೆ. ಚಾಚು ಜಾಬಿನ ಅರ್ಧ ವ್ಯಾಸಕ್ಕಿಂತ 2-3 ಮಿ.ಮೀ. ಹೆಚ್ಚಿದ್ದರೆ ಸಾಕು. ಟೂಲ್ ಪೋಸ್ಟನ್ನು ಹೊತ್ತು ಉದ್ದಕ್ಕೆ ಸರಿಯುವ ಕ್ಯಾರೇಜನ್ನು ಲಾಕ್ ಮಾಡಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಲ್ಲಿ 20 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ರಾಡಿನ ಟರ್ನಿಂಗ್‌ಗೆ (ಹೊರಮೈ ಕಡೆಯುವುದಕ್ಕೆ) 400 ಆರ್‌ಪಿಎಂ ಇಟ್ಟಿದ್ದರೆ ಪಾರ್ಟಿಂಗ್‌ಗೆ 200 ಇಡಿ, ಎಣ್ಣೆ ಬಿಡುತ್ತಾ ಒಂದೇ ಸಮನೆ ಫೀಡ್ ಕೊಡಿ. ಹೆದರಿ ನಡುವೆ ನಿಲ್ಲಿಸಿದರೆ ತುದಿ ಉಜ್ಜಿ ಮೊಂಡಾಗುತ್ತದೆ.